ಐದನೇ ಹೆಸರು

ಗುಡ್ಡೆಹಕ್ಲು ಹೈಸ್ಕೂಲಿನ ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ಸುತ್ತಲಿನವರು ಯಾವತ್ತೂ ಅಂಕಣ ಎಂದು ಕರೆದವರಲ್ಲ. ಅವರ ಬಾಯಲ್ಲಿ ಅದು ಕಣ. ಊಟಿಯಲ್ಲಿ ಓದಿ ಬಂದ ಎಸ್ಟೇಟ್ ಮಾಲೀಕರೊಬ್ಬರ ಮಗ, ಎಂಬತ್ತೇಳನೇ ಇಸವಿಯಲ್ಲಿ ತಂದೆಗೆ ದುಂಬಾಲು ಬಿದ್ದು ಹಾಕಿಸಿಕೊಟ್ಟ ಸಿಮೆಂಟು ನೆಲ. ಮಳೆ ಬಿಟ್ಟ ಹೊತ್ತಿನಲ್ಲಿ ಮಕ್ಕಳು ಅಲ್ಲಿ ಆಡುತ್ತಿದ್ದರು. ಡಿಸೆಂಬರ್ ಬಂತೆಂದರೆ ಅಕ್ಕಪಕ್ಕದ ಸಣ್ಣ ಬೆಳೆಗಾರರು ಕಾಫಿ ಹಣ್ಣು ತಂದು ಹರವುತ್ತಿದ್ದರು. ಎರಡು ಕಂಬಗಳ ನಡುವೆ ಕೆಂಪು ಹಣ್ಣು ಕಪ್ಪಾಗುವ ತನಕ ಆಟಕ್ಕೆ ರಜ. ಹೀಗೆ ಅರ್ಧ ವರ್ಷ ಮಾತ್ರ ಅಂಕಣವಾಗಿದ್ದ ಆ ನೆಲದಿಂದಲೇ ಸಕಲೇಶಪುರ, ಆಲೂರು ಎರಡೂ ತಾಲ್ಲೂಕಿನ ಒಳ್ಳೊಳ್ಳೆಯ ಆಟಗಾರರು ಎದ್ದುಬಂದರು ಎಂಬುದು ಹಳೇ ವಿದ್ಯಾರ್ಥಿಗಳ ಹೆಮ್ಮೆ.

ಶಾಲೆಗೆ ಐವತ್ತು ತುಂಬಿತ್ತು. ಕಣದ ಪಕ್ಕ ಒಂದು ಕರಿಕಲ್ಲು ನಿಲ್ಲಿಸಿ, ಎರಡೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಇದುವರೆಗೆ ಆಡಿದವರ ಪೈಕಿ ಐದು ಮಂದಿಯ ಹೆಸರು ಕೆತ್ತಿಸುವುದೆಂದು ತೀರ್ಮಾನವಾಯಿತು. ಐದೇ ಯಾಕೆ ಅಂದರೆ ಒಂದು ತಂಡದಲ್ಲಿ ಅಂಗಳಕ್ಕಿಳಿಯುವವರು ಐವರೇ. ಆ ಐವರು ಯಾರು ಎಂದು ಗೊತ್ತುಮಾಡಲು ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಸಭೆ ಕರೆದಿದ್ದರು.

ಪ್ರತಾಪ ಹೋಗಬಾರದು ಅಂದುಕೊಂಡಿದ್ದ. ಲೋಹಿತ್ ಜೀಪು ತಂದು ಮನೆ ಮುಂದೆ ನಿಲ್ಲಿಸಿದ್ದರಿಂದ ಹೋಗಬೇಕಾಯಿತು. ಇಬ್ಬರೂ ತೊಂಬತ್ತೊಂಬತ್ತನೇ ಇಸವಿಯ ತಂಡದವರು. ಲೋಹಿತ್ ಈಗ ಹೆಗ್ಗದ್ದೆ ಕಡೆ ಎಂಟೆಕರೆ ಕಾಫಿ ನೋಡಿಕೊಂಡಿದ್ದಾನೆ. ಪ್ರತಾಪ ಪಟ್ಟಣದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ.

ದಾರಿಯಲ್ಲಿ ಲೋಹಿತ್ ಒಂದೇ ಮಾತು ಹೇಳಿದ. "ನೀನು ಸುಮ್ನೆ ಕೂತಿರು. ಮಾತಾಡೋ ಕೆಲ್ಸ ನಂಗೆ ಬುಡು."

ಹತ್ತನೇ ತರಗತಿಯ ಕೊಠಡಿಯಲ್ಲಿ ದೊಡ್ಡ ದೊಡ್ಡ ಗಂಡಸರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಲಾಗದೆ ಓರೆಯಾಗಿ ಕೂತಿದ್ದರು. ಹಾಜರಿ ಪುಸ್ತಕ, ಹಳೇ ಸರ್ಟಿಫಿಕೇಟುಗಳ ಫೈಲು ಎದುರಿಗಿಟ್ಟುಕೊಂಡು ಮೇಜಿನ ಹಿಂದೆ ಬಿಂದುಶ್ರೀ ಇದ್ದಳು. ಅವಳೂ ಇದೇ ಶಾಲೆಯಲ್ಲಿ ಓದಿ, ಈಗ ಇಲ್ಲೇ ವಿಜ್ಞಾನ ಪಾಠ ಮಾಡುತ್ತಿದ್ದಾಳೆ, ಸಮಿತಿಗೆ ಕಾರ್ಯದರ್ಶಿ. ಪ್ರತಾಪ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹಿಂದಿನ ಬೆಂಚಿಗೆ ಹೋದ.

ಚರ್ಚೆ ಆಗಲೇ ಕಾವೇರಿತ್ತು. ಮೂವತ್ತು ವರ್ಷ ಶಾಲೆಯ ಅಟೆಂಡರ್ ಆಗಿದ್ದ ರಾಮಯ್ಯ ಗೋಡೆಗೊರಗಿ ನಿಂತು, ಎಂಬತ್ತೊಂಬತ್ತರ ಮಂಜುನಾಥನ ಪರ ವಾದಿಸುತ್ತಿದ್ದ.

"ಬರಿಗಾಲಲ್ಲಿ ಆಡ್ದೋನು ಕಣ್ರಪ್ಪ. ಕಾಫಿ ಸಿಪ್ಪೆ ಮೇಲೆ ಕಾಲಿಟ್ರೆ ನಾವು ಜಾರ್ತೀವಿ, ಅವ್ನು ಅದ್ರ ಮೇಲೆ ತಿರುಗ್ತಿದ್ದ. ನಿಮ್ಮ ಈಗಿನ ಹುಡುಗ್ರಿಗೆ ಬೂಟ್ ಲೇಸ್ ಕಟ್ಕೊಳ್ಳೋಕೇ ಒಂದು ಪೀರಿಯಡ್ ಬೇಕು."

"ರಾಮಯ್ಯಣ್ಣ, ಅವ್ನು ಜಿಲ್ಲೆ ದಾಟಿ ಹೋಗ್ಲೇ ಇಲ್ವಲ್ಲ," ಎಂದ ಆಲೂರಿನ ನವೀನ್‌ಕುಮಾರ್. "ನಮ್ಮ ರೇವಂತ್ ರಾಜ್ಯ ಮಟ್ಟಕ್ಕೆ ಹೋದೋನು. ಪೇಪರಲ್ಲಿ ಫೋಟೊ ಬಂದೈತೆ."

"ಫೋಟೊ ನಮ್ಮ ಮನೆ ಎಮ್ಮೇದೂ ಬಂದಿತ್ತು, ಕೃಷಿ ಮೇಳದಲ್ಲಿ."

ನಗು ಎದ್ದಿತು. ನವೀನ್‌ಕುಮಾರನೂ ನಕ್ಕ. "ಎಮ್ಮೇನೂ ಸೇರ್ಸಿ ಬುಡಿ, ಎತ್ತರಕ್ಕೆ ಬೇಕಾಗ್ತದೆ."

ನಗು ಇಳಿದ ಮೇಲೆ ಬಿಂದುಶ್ರೀ, ಇಷ್ಟು ಹೊತ್ತಾದರೂ ಒಂದು ಹೆಣ್ಣಿನ ಹೆಸರೂ ಯಾರ ಬಾಯಿಂದಲೂ ಬರಲಿಲ್ಲ ಎಂದಳು. ತೊಂಬತ್ತಮೂರರಲ್ಲಿ ಗಂಗಾಮಣಿ ಉದ್ದ ಲಂಗ ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಸನದ ಹುಡುಗಿಯರ ಮೇಲೆ ಇಪ್ಪತ್ತೆರಡು ಪಾಯಿಂಟು ಹಾಕಿದ್ದನ್ನು ನೆನಪಿಸಿದಳು. ಅದಕ್ಕೆ ಯಾರೂ ಎದುರಾಡಲಿಲ್ಲ. ಗಂಗಾಮಣಿ, ಮಂಜುನಾಥ, ಸಕಲೇಶಪುರದ ಇಬ್ಬರು ಅಣ್ಣತಮ್ಮಂದಿರು, ಹೀಗೆ ನಾಲ್ಕು ಹೆಸರು ಕರಿಹಲಗೆ ಹತ್ತಿದವು. ಉಳಿದದ್ದು ಒಂದು.

ಬಿಂದುಶ್ರೀ ಫೈಲಿನಿಂದ ಒಂದು ಹಾಳೆ ತೆಗೆದಳು. "ದಾಖಲೆ ನೋಡಿದ್ರೆ ಐದನೇದು ಚರ್ಚೆ ಮಾಡೋ ಅಗತ್ಯವೇ ಇಲ್ಲ. ತೊಂಬತ್ತೊಂಬತ್ತು, ಮೈಸೂರು ವಿಭಾಗದ ಫೈನಲ್. ಒಬ್ಬರೇ ಮೂವತ್ತೊಂದು ಪಾಯಿಂಟು. ತಂಡ ಎರಡು ಪಾಯಿಂಟಲ್ಲಿ ಸೋತಿತು, ಆದ್ರೂ ಅತ್ಯುತ್ತಮ ಆಟಗಾರ. ಎಚ್. ಆರ್. ಪ್ರತಾಪ್. ಇಲ್ಲೇ ಕೂತಿದ್ದಾರೆ."

ತಲೆಗಳು ತಿರುಗಿದವು. ಪ್ರತಾಪ ಬೆಂಚಿನ ಮೇಲೆ ಯಾವುದೋ ಹುಡುಗ ಕೊರೆದಿದ್ದ ಗೀಟನ್ನು ನೋಡುತ್ತಿದ್ದ. ರಾಮಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. ಲೋಹಿತ್ ಎದ್ದು, ಒಂದು ಮ್ಯಾಚಿನ ಮೇಲೆ ತೀರ್ಮಾನ ಮಾಡುವುದು ಸರಿಯಲ್ಲ, ರೇವಂತನದು ಎರಡು ವರ್ಷದ ಆಟ, ಆಲೂರಿನವರಿಗೂ ಬೇಸರವಾಗಬಾರದು ಎಂದೆಲ್ಲ ಹೇಳತೊಡಗಿದ. ಗೆಳೆಯನ ಹೆಸರಿಗೆ ಗೆಳೆಯನೇ ಅಡ್ಡ ಬರುವುದನ್ನು ಕಂಡು ಕೆಲವರಿಗೆ ತಮಾಷೆಯೆನಿಸಿತು.

"ಹೊಟ್ಟೆಕಿಚ್ಚು ಕಣೋ ನಿಂಗೆ," ಎಂದರು ಯಾರೋ.

ನವೀನ್‌ಕುಮಾರ್ ಸುಮ್ಮನೆ ಏನೋ ನೆನಪಾದವನಂತೆ, "ಅಲ್ಲಾ, ಆಗ ಲಾರೀಲಿ ಕ್ಲೀನರ್ ಆಗಿದ್ದ ಜಾವೀದ್ ಅಂತ ಒಬ್ಬ ಸಂಜೆ ಹೊತ್ತು ಬಂದು ಆಡ್ತಿದ್ನಲ್ಲ? ಅವನ ಕೈ ಭಾಳ ಚೆನ್ನಾಗಿತ್ತು," ಎಂದ.

"ಯಾವ ಸ್ಕೂಲಿಗೆ ಆಡಿದ್ದ?" ಬಿಂದುಶ್ರೀ ಕೇಳಿದಳು.

"ಯಾವುದಕ್ಕೂ ಇಲ್ಲ. ಒಂಬತ್ತಕ್ಕೇ ಬಿಟ್ಬುಟ್ಟಿದ್ದ."

"ಮತ್ತೆ ಹೇಗೆ ಸೇರ್ಸೋದು?"

ಮಾತು ಅಲ್ಲಿಗೆ ಮುಗಿಯಿತು. ಆ ಕೊಠಡಿಯಲ್ಲಿ ಪ್ರತಾಪ, ಲೋಹಿತ್, ರಾಮಯ್ಯ, ಈ ಮೂರು ಜನಕ್ಕೆ ಮಾತ್ರ ಅದು ಮುಗಿದಿರಲಿಲ್ಲ.

ಮೂವತ್ತೊಂದು ಪಾಯಿಂಟು ಹಾಕಿದವನು ಜಾವೀದ್. ತಂದೆ ತೀರಿಕೊಂಡದ್ದರಿಂದ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಮಾವನ ಲಾರಿ ಹತ್ತಿದ್ದ ಅವನು, ಟಿಂಬರ್ ಇಳಿಸಿ ಬಂದ ಸಂಜೆಗಳಲ್ಲಿ ಕಣಕ್ಕೆ ಬರುತ್ತಿದ್ದ. ಪಿ.ಟಿ. ಮೇಷ್ಟ್ರು ದೇವೀರಪ್ಪನವರು ಅವನನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ವಿಭಾಗ ಮಟ್ಟಕ್ಕೆ ತಂಡ ಹೊರಡುವ ಹಿಂದಿನ ವಾರ ಅವರು ಪ್ರತಾಪನನ್ನು ಕರೆದರು. ಪ್ರತಾಪ ತಂಡದ ಹನ್ನೆರಡನೆಯವನು. ನೀರು ಕೊಡುವುದು, ಬ್ಯಾಗು ಕಾಯುವುದು ಅವನ ಪಾಲು. ಮೇಷ್ಟ್ರು ಹೆಗಲ ಮೇಲೆ ಕೈಯಿಟ್ಟು, "ನಿನ್ನ ಹೆಸ್ರಲ್ಲಿ ಜಾವೀದ ಆಡ್ತಾನೆ. ಎಲ್ಲಾ ಸ್ಕೂಲ್ನೋರೂ ಮಾಡೋದೇ ಕಣೋ ಇದು. ಬೇಜಾರಿಲ್ಲ ತಾನೆ?" ಅಂದರು.

ಬೇಜಾರಿರಲಿಲ್ಲ. ತನ್ನ ಹೆಸರಿಗೂ ಒಂದು ಉಪಯೋಗ ಬಂತಲ್ಲ ಎಂದು ಹದಿನಾರು ವರ್ಷದ ಪ್ರತಾಪನಿಗೆ ಖುಷಿಯೇ ಆಗಿತ್ತು. ಅರ್ಜಿಯಲ್ಲಿ ಅವನ ಹೆಸರಿನ ಪಕ್ಕ ಜಾವೀದನ ಫೋಟೊ ಅಂಟಿತು. ಆದರೆ ತಂಡ ಮೈಸೂರಿನಲ್ಲಿರುವಾಗ ಪ್ರತಾಪ ಊರಲ್ಲಿ ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಆ ನಾಲ್ಕು ದಿನ ಆಲೂರಿನಲ್ಲಿ ಸೋದರತ್ತೆಯ ಮನೆಯ ಅಟ್ಟದ ಕೋಣೆಯಲ್ಲಿ ಇದ್ದ. ಅತ್ತೆ ಹೊತ್ತುಹೊತ್ತಿಗೆ ರೊಟ್ಟಿ ಕೊಟ್ಟಳು. ಕಿಟಕಿಯಿಂದ ಶುಂಠಿ ಗದ್ದೆ ಕಾಣುತ್ತಿತ್ತು. ಐದನೇ ದಿನ ತಂಡ ಮೈಸೂರಿನಿಂದ ಹೊರಡುವ ಹೊತ್ತಿಗೆ ಹಾಸನದ ಬಸ್‌ಸ್ಟ್ಯಾಂಡಿಗೆ ಹೋಗಿ ಕಾದು, ಅವರು ಬಂದಾಗ ಅವರೊಳಗೆ ಸೇರಿಕೊಂಡ. ಜಾವೀದ್ ಅಲ್ಲೇ ಇಳಿದುಕೊಂಡ. ಇಳಿಯುವಾಗ ಬಟ್ಟೆಯಲ್ಲಿ ಸುತ್ತಿದ್ದ ಅತ್ಯುತ್ತಮ ಆಟಗಾರನ ಕಪ್ಪನ್ನು ಪ್ರತಾಪನ ಕೈಗಿಟ್ಟು, "ತಗಾ, ನಿಂದು," ಎಂದು ನಕ್ಕ. ಸಂಜೆ ಶಾಲೆಯಲ್ಲಿ ಹೆಡ್‌ಮಾಸ್ತರರು ಪ್ರತಾಪನಿಗೆ ಹಾರ ಹಾಕಿದರು.

ಅದು ಅಷ್ಟಕ್ಕೇ ಮುಗಿದಿದ್ದರೆ ಹುಡುಗಾಟವೆನ್ನಬಹುದಿತ್ತು. ಆರು ವರ್ಷದ ಮೇಲೆ, ಕ್ರೀಡಾಪಟುಗಳ ಮೀಸಲಿನಲ್ಲಿ ಕೆಲಸಕ್ಕೆ ಅರ್ಜಿ ಕರೆದಾಗ, ಮನೆಯ ಟ್ರಂಕಿನಲ್ಲಿದ್ದ ಆ ಸರ್ಟಿಫಿಕೇಟನ್ನು ಪ್ರತಾಪನ ಅಪ್ಪನೇ ತೆಗೆದುಕೊಟ್ಟ. ಅಪ್ಪನಿಗೆ ನಿಜ ಗೊತ್ತಿರಲಿಲ್ಲ. ಅಪ್ಪನಿಗೆ ಹೇಳುವ ಧೈರ್ಯ ಪ್ರತಾಪನಿಗಿರಲಿಲ್ಲ. ಕೆಲಸ ಸಿಕ್ಕಿತು. ಅಂದಿನಿಂದ ಅವನು ಯಾವ ಆಟದ ಮೈದಾನದ ಕಡೆಗೂ ಹೋಗಲಿಲ್ಲ. ಲಾರಿ ಓಡಿಸುತ್ತಿದ್ದ ಜಾವೀದ್ ರಸ್ತೆಯಲ್ಲಿ ಎದುರಾದರೆ ಹಾರ್ನ್ ಹೊಡೆದು ಕೈಯೆತ್ತುತ್ತಿದ್ದ. ಪ್ರತಾಪನೂ ಎತ್ತುತ್ತಿದ್ದ. ಮಾತು ಅಷ್ಟೇ. ಮೂರು ವರ್ಷದ ಹಿಂದೆ ಶಿರಾಡಿ ಘಾಟಿ ಹತ್ತಿ ಬಂದ ಜಾವೀದ್ ಎದೆ ನೋವೆಂದು ಲಾರಿಯನ್ನು ರಸ್ತೆ ಬದಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ಮೇಲೆ ತಲೆಯಿಟ್ಟ. ಮತ್ತೆ ಏಳಲಿಲ್ಲ. ಮಣ್ಣಿಗೆ ಪ್ರತಾಪ ಹೋಗಿದ್ದ. ದೂರದಲ್ಲಿ ನಿಂತು ಬಂದಿದ್ದ.

ಕೊಠಡಿಯಲ್ಲಿ ಬಿಂದುಶ್ರೀ, ಈಗಿನ ತಂಡದ ಕ್ಯಾಪ್ಟನ್ನಿನ ಮಾತನ್ನೂ ಕೇಳೋಣ ಎಂದು ಆಗಷ್ಟೇ ಬಂದು ಬಾಗಿಲ ಬಳಿ ನಿಂತಿದ್ದ ಹುಡುಗಿಯನ್ನು ಕರೆದಳು. ಹದಿನೈದರ ಹುಡುಗಿ, ಎತ್ತರದ ಮೈ, ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದ ಕುರ್ತಾ. ಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಇಲ್ಲಿ ಓದುವುದು ಈ ಕಣದ ಆಸೆಗೇ. ಜಾವೀದನ ಮಗಳು ಜೇಬಾ.

"ನಾನು ಯಾರ ಆಟಾನೂ ನೋಡಿಲ್ಲ ಮಿಸ್," ಎಂದಳು ಅವಳು. "ಆದ್ರೆ ಪ್ರತಾಪ್ ಅಂಕಲ್ ಆಟ ನಂಗೆ ಗೊತ್ತು. ನಮ್ಮ ಅಬ್ಬ ಯಾವಾಗ್ಲೂ ಹೇಳ್ತಿದ್ರು. ಬೋರ್ಡಿಗೆ ಬೆನ್ನು ಹಾಕ್ಕೊಂಡು, ಎಡಗೈಯಲ್ಲಿ ಬಾಲ್ ಮೇಲಕ್ಕೆ ತಗೊಂಡು, ನೋಡ್ದೇನೇ ಹಾಕ್ತಿದ್ರಂತೆ. ಮೈಸೂರಿನವ್ರು ಇಬ್ಬಿಬ್ಬರನ್ನ ಕಾವಲಿಗೆ ಹಾಕಿದ್ರೂ ಹಿಡಿಯೋಕಾಗ್ಲಿಲ್ವಂತೆ. ಬಾಲ್ ಕೈ ಬಿಟ್ಟ ತಕ್ಷಣ ಅವ್ರಿಗೆ ಗೊತ್ತಾಗ್ತಿತ್ತಂತೆ, ಬಿತ್ತು ಅಂತ. ತಿರುಗಿ ನೋಡ್ದೆ ವಾಪಸ್ ಓಡ್ತಿದ್ರಂತೆ. ಅಬ್ಬ ಹೇಳೋವ್ರು, ಅಂಥಾ ಕೈ ಈ ಘಟ್ಟದಲ್ಲಿ ಇನ್ನೊಂದಿಲ್ಲ ಅಂತ."

"ನಿಮ್ಮಪ್ಪ ಎಲ್ಲಿಂದ ನೋಡಿದ್ದನಮ್ಮ?" ಅವಳು ಯಾರ ಮಗಳೆಂದು ತಿಳಿಯದ ನವೀನ್‌ಕುಮಾರ್ ಕೇಳಿದ.

"ಬೇಲಿ ಆಚೆ ನಿಂತ್ಕೊಂಡು ನೋಡ್ತಿದ್ರಂತೆ. ಅವ್ರಿಗೆ ಆಡೋಕೆ ಬರ್ತಿರ್ಲಿಲ್ಲ."

ಪ್ರತಾಪನ ಬಲಗೈಯಲ್ಲಿ ಸಹಿ ಹಾಕಿದ ಪೆನ್ನು ಇನ್ನೂ ಇತ್ತು. ಅವನು ಆ ಕೈಯನ್ನು ಮೆಲ್ಲಗೆ ಬೆಂಚಿನ ಕೆಳಗೆ ಇಳಿಸಿದ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಹುಡುಗಿ ಅವನನ್ನೇ ನೋಡುತ್ತಿದ್ದಳು. ಒಮ್ಮೆಯೂ ಕಂಡು ಗೊತ್ತಿಲ್ಲದವರನ್ನು ಬಹಳ ದಿನದಿಂದ ಬಲ್ಲವರ ಹಾಗೆ ನೋಡುವ ನೋಟ ಅದು. ಪ್ರತಾಪ ಎದ್ದು ನಿಂತ.

"ನಾನೊಂದು ಮಾತು ಹೇಳ್ಬೇಕು," ಎಂದ.

"ಏನೂ ಹೇಳ್ಬೇಡ ಮಾರಾಯ, ಗೊತ್ತು," ಲೋಹಿತ್ ಜೋರಾಗಿ ನಕ್ಕು ಅವನ ತೋಳು ಹಿಡಿದ. "ಇವ್ನಿಗೆ ಹೊಗಳಿದ್ರೆ ಆಗಲ್ಲ ಕಣ್ರೀ, ಮೊದ್ಲಿಂದ್ಲೂ ಹಂಗೇ. ಕಾಫಿ ಬಂತಾ ನೋಡಿ ಯಾರಾದ್ರೂ."

ಹೊರಗೆ ಕಣದ ಅಂಚಿನಲ್ಲಿ, ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬುತ್ತಿದ್ದವರಿಂದ ಆಚೆಗೆ, ಲೋಹಿತ್ ಅವನನ್ನು ಎಳೆದುಕೊಂಡು ಬಂದ. ನಗು ಈಗ ಇರಲಿಲ್ಲ.

"ತಲೆ ಕೆಟ್ಟೈತಾ ನಿಂಗೆ? ಇನ್ನೂ ಹತ್ತೊಂಬತ್ತು ವರ್ಷ ಸರ್ವೀಸ್ ಐತೆ. ಇಬ್ರು ಮಕ್ಳು ಓದ್ತಾವ್ರೆ. ಇಷ್ಟು ಜನದ ಮುಂದೆ ಹೇಳ್ಬುಟ್ಟು ನಾಳೆ ಆಫೀಸಿಗೆ ಹೆಂಗೆ ಹೋಗ್ತೀಯ? ಕೆಲ್ಸ ಹೋಗೋದಲ್ದೆ ಕೇಸೂ ಆಗ್ತದೆ."

"ಆ ಹುಡುಗಿ ಹೇಳಿದ್ದು ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ."

"ಅವ್ನಿಗೆ ಆಡೋಕೆ ಬರ್ತಿರ್ಲಿಲ್ಲ ಅಂದ್ಲು."

ಲೋಹಿತ್ ಕಾಲಡಿಯ ಒಂದು ಒಣ ಹಣ್ಣನ್ನು ಬೂಟಿನಿಂದ ಒತ್ತಿದ. ಸಿಪ್ಪೆ ಒಡೆದು ಬೀಜ ಹೊರಬಂತು. ಆಮೇಲೆ, "ಹೋದೋನು ಹೋಗ್ಬುಟ್ಟ ಕಣೋ. ಇರೋರು ಇರ್ಬೇಕಲ್ಲ," ಎಂದು ಒಳಗೆ ಹೋದ.

ಆ ವಾರವಿಡೀ ಪ್ರತಾಪ ಕಚೇರಿಯಲ್ಲಿ ಕಡತದ ಪುಟಗಳನ್ನು ಹಿಂದೆ ಮುಂದೆ ಮಗುಚಿದ. ಹೆಂಡತಿ ಮಧುಶ್ರೀ, ಕಲ್ಲಿನ ಮೇಲೆ ಗಂಡನ ಹೆಸರು ಬರುತ್ತದೆಂದು ತವರಿಗೆ ಫೋನು ಮಾಡಿ ಹೇಳಿದ್ದಳು. ಮಕ್ಕಳು ಒಂದು ರಬ್ಬರ್ ಚೆಂಡು ತಂದು ಅಪ್ಪಾ ಬಾ ಅಂದಾಗ ಸೊಂಟ ನೋವೆಂದ. ಸತ್ಯ ಹೇಳುವುದಕ್ಕೂ ಸುಳ್ಳಿನಲ್ಲಿ ಕೂರುವುದಕ್ಕೂ ನಡುವೆ ಒಂದು ಜಾಗ ಇರಬೇಕೆಂದು ಅವನ ಮನಸ್ಸು ಹುಡುಕುತ್ತಿತ್ತು. ಇಪ್ಪತ್ತು ವರ್ಷ ಸರ್ಕಾರಿ ಕಾಗದಗಳ ನಡುವೆ ಇದ್ದವನಿಗೆ ಅಂಥ ಜಾಗ ಕಾಗದದಲ್ಲೇ ಕಂಡಿತು. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಮಿತಿಗೊಂದು ಪತ್ರ ಬರೆದ. "ಮಾನ್ಯರೇ, ತಮ್ಮಲ್ಲಿ ಕೋರಿಕೊಳ್ಳುವುದೇನೆಂದರೆ, ವೈಯಕ್ತಿಕ ಕಾರಣಗಳಿಂದ ನನ್ನ ಹೆಸರನ್ನು ಸದರಿ ಶಿಲಾಫಲಕಕ್ಕೆ ಪರಿಗಣಿಸಬಾರದಾಗಿ ವಿನಂತಿ." ಸಹಿ ಹಾಕಿ ಎರಡು ಸಲ ಓದಿದ. ಸುಳ್ಳೊಂದೂ ಇರಲಿಲ್ಲ. ಎದೆಯ ಮೇಲಿನ ಏನೋ ಒಂದು ಸ್ವಲ್ಪ ಸರಿದಂತಾಯಿತು.

ಪತ್ರದ ಫೋಟೊವನ್ನು ಬಿಂದುಶ್ರೀ ಹಳೇ ವಿದ್ಯಾರ್ಥಿಗಳ ಗುಂಪಿಗೆ ಹಾಕಿದಳು. ಸಂಜೆಯೊಳಗೆ ಕೈಮುಗಿದ ಚಿತ್ರಗಳ ಸಾಲು ಬಂತು. ದೊಡ್ಡ ಗುಣ ಎಂದರು. ಇಂಥವರು ಈಗ ಎಲ್ಲಿ ಸಿಗ್ತಾರೆ ಎಂದರು. ನವೀನ್‌ಕುಮಾರ್, ಆಲೂರಿನವರ ಪರವಾಗಿ ಥ್ಯಾಂಕ್ಸ್ ಕಣಣ್ಣ ಎಂದು ಬರೆದ. ಐದನೇ ಹೆಸರು ರೇವಂತನದಾಯಿತು. ಕಲ್ಲು ಕೆತ್ತುವವನಿಗೆ ಪಟ್ಟಿ ಹೋಯಿತು.

ಮಾರನೇ ಭಾನುವಾರ ಪ್ರತಾಪ ಜಾವೀದನ ಮನೆಗೆ ಹೊರಟ. ಹೇಮಾವತಿಯ ಹಳೇ ಸೇತುವೆಯಿಂದ ಈಚೆಗೆ, ಲಾರಿ ಗ್ಯಾರೇಜುಗಳ ಹಿಂದಿನ ಓಣಿ. ತಾನು ಮಾಡಿದ್ದನ್ನು ಜಾವೀದನ ಹೆಂಡತಿ ಮಸೂದಾಗೆ ಹೇಳಬೇಕು, ಅವಳಿಗೆ ಗೊತ್ತಿಲ್ಲದ್ದನ್ನೂ ಹೇಳಬೇಕು, ಅವಳು ಬೈದರೆ ಬೈಸಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ.

ಮಸೂದಾ ವಾರದ ದಿನಗಳಲ್ಲಿ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ಬೀಜ ಆರಿಸಲು ಹೋಗುತ್ತಾಳೆ. ಇವತ್ತು ಜಗುಲಿಯಲ್ಲಿ ಮೊರ ಹಿಡಿದು ಮೆಣಸು ಹಸನು ಮಾಡುತ್ತಿದ್ದಳು. ಅವನನ್ನು ಕಂಡು ಸೆರಗು ಸರಿಮಾಡಿಕೊಂಡು, ಚಾಪೆ ಹಾಸಿದಳು.

"ಬನ್ನಿ ಪ್ರತಾಪಣ್ಣ. ಜೇಬಾ ಪ್ರಾಕ್ಟೀಸಿಗೆ ಹೋಗವ್ಳೆ. ಬರೋ ಹೊತ್ತು."

ಅವನು ಜೋಡಿಸಿದ ಮಾತುಗಳಲ್ಲಿ ಒಂದೂ ಬರಲಿಲ್ಲ. ಕೊನೆಗೆ ತಲೆ ತಗ್ಗಿಸಿಯೇ ಹೇಳಿದ. "ಭಾಬಿ, ಮೈಸೂರಲ್ಲಿ ಆಡಿದ್ದು ನಾನಲ್ಲ."

"ಗೊತ್ತು," ಎಂದಳು ಮಸೂದಾ.

ಅವಳ ಕೈ ನಿಲ್ಲಲಿಲ್ಲ. "ಮದ್ವೆಯಾದ ವರ್ಷ ಲಾರೀಲಿ ನಿಮ್ಮ ಸ್ಕೂಲ್ ಮುಂದೆ ಹೋಗ್ತಿದ್ವಿ. ನಿಲ್ಸಿ ತೋರ್ಸಿದ್ರು. ಇಲ್ಲಿ ಆಡ್ತಿದ್ದೆ, ಹಿಂಗಿಂಗಾಯ್ತು ಅಂತ ಎಲ್ಲಾ ಹೇಳಿದ್ರು. ನಂಗೆ ಬಾಲಿನ ಆಟ ಏನು ಗೊತ್ತು, ನಗ್ತಾ ಕೇಳ್ದೆ."

"ಮತ್ತೆ ಜೇಬಾಗೆ?"

"ಅವ್ಳು ಚಿಕ್ಕೋಳಿದ್ದಾಗ ವಿಚಾರಣೆಗೆ ಅಂತ ಇಬ್ರು ಬಂದಿದ್ರು. ನಿಮ್ಮ ಕೆಲ್ಸದ ಮೇಲೆ ಯಾರೋ ಕಂಪ್ಲೇಂಟ್ ಬರ್ದವ್ರೆ, ಆಡ್ದೋನು ನೀನೇನಾ ಅಂತ ಇವ್ರನ್ನ ಕೇಳಿದ್ರು. ಇದೇ ಜಗಲೀಲಿ. ಇವ್ರು, ನಾನು ಲಾರಿ ಡ್ರೈವರ್ ಸ್ವಾಮಿ, ಬಾಲ್ ಮುಟ್ದೋನೇ ಅಲ್ಲ, ಆಡಿದ್ದು ಪ್ರತಾಪನೇ, ನಾನೇ ಕಣ್ಣಾರೆ ನೋಡಿದೀನಿ ಅಂದ್ರು. ಬರ್ಕೊಂಡು ಸೈನ್ ಹಾಕಿಸ್ಕೊಂಡು ಹೋದ್ರು."

ಏಳು ವರ್ಷದ ಹಿಂದಿನ ಆ ಮೂಗರ್ಜಿ ಪ್ರತಾಪನಿಗೆ ನೆನಪಿತ್ತು. ಮೂರು ತಿಂಗಳು ಅನ್ನ ಸೇರಿರಲಿಲ್ಲ. ಆಮೇಲೆ ಹೇಗೋ ತಾನಾಗಿ ಮುಚ್ಚಿಹೋಯಿತು. ಹೇಗೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಕೇಳದಿರುವುದೇ ಕ್ಷೇಮ ಅಂದುಕೊಂಡಿದ್ದ.

"ಅವತ್ತಿಂದ ಮಗಳಿಗೆ ನಿಮ್ಮ ಹೆಸ್ರಲ್ಲೇ ಹೇಳೋಕೆ ಶುರು ಮಾಡಿದ್ರು," ಮಸೂದಾ ಹೇಳಿದಳು. "ಮಕ್ಳ ಬಾಯಿ, ಸ್ಕೂಲಲ್ಲಿ ಎಲ್ಲಾದ್ರೂ ನಮ್ಮಬ್ಬ ಆಡಿದ್ರು ಅಂದ್ಬುಟ್ರೆ ಅಂತ. ರಾತ್ರಿ ಊಟ ಆದ್ಮೇಲೆ ಅವ್ಳಿಗೆ ಹೇಳೋವ್ರು, ಪ್ರತಾಪ್ ಅಂಕಲ್ ಹಿಂಗೆ ತಿರುಗಿದ, ಹಂಗೆ ಹಾಕ್ದ ಅಂತ. ಹೇಳ್ತಾ ಹೇಳ್ತಾ ಎದ್ದು ನಿಂತ್ಬುಡೋವ್ರು. ಆಗ ಅವ್ರ ಮುಖ ನೋಡ್ಬೇಕಿತ್ತು ನೀವು."

ಪ್ರತಾಪ ಕಣ್ಣೊರೆಸಿಕೊಂಡ. "ನನ್ನ ಹೆಸ್ರು ತೆಗೆಸ್ಬುಟ್ಟೆ ಭಾಬಿ. ಪತ್ರ ಕೊಟ್ಟೆ. ಆ ಕಲ್ಲಲ್ಲಿ ನನ್ನ ಹೆಸ್ರು ಬರಲ್ಲ."

ಮೊರ ನಿಂತಿತು.

"ಯಾಕೆ?"

"ನಂದಲ್ದೇ ಇರೋದು..."

"ನಿಮ್ದಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ?" ಅವಳ ದನಿ ಏರಲಿಲ್ಲ. "ಜೇಬಾ ಬಂದು ಪ್ರತಾಪ್ ಅಂಕಲ್ ಹೆಸ್ರು ಕಲ್ಲಲ್ಲಿ ಬರ್ತದೆ ಅಂದಾಗ ನಾನು ಒಳಗೆ ಹೋಗಿ ಅತ್ತೆ. ಸಂತೋಷಕ್ಕೆ. ಅವ್ರ ಆಟ ಅಂತ ಈ ಭೂಮಿ ಮೇಲೆ ಇದ್ದಿದ್ದು ನಿಮ್ಮ ಹೆಸ್ರೊಳಗೆ ಮಾತ್ರ. ಬೇರೆಲ್ಲೂ ಇಡೋಕೆ ಅವ್ರಿಗೆ ಜಾಗ ಇರ್ಲಿಲ್ಲ. ಯಾವತ್ತಾದ್ರೂ ಹೋಗಿ ಆ ಕಲ್ಲು ಮುಟ್ಟಿ ಬರೋಣ ಅಂದ್ಕೊಂಡಿದ್ದೆ. ನಂಗೆ ಓದೋಕೆ ಬರೋದು ಅಷ್ಟಕ್ಕಷ್ಟೆ. ಪ್ರತಾಪ್ ಅಂತ ಇದ್ರೆ ಸಾಕಿತ್ತು, ನಂಗೆ ಅದು ಅವ್ರೇ." ಮೊರವನ್ನು ಕೆಳಗಿಟ್ಟು, "ಈಗ ಯಾರ ಹೆಸ್ರು ತೆಗೆಸಿದ್ರಿ ನೀವು?" ಎಂದಳು.

ಪತ್ರ ಬರೆದಾಗ ಪ್ರತಾಪ, ತಾನು ಬಿಟ್ಟುಕೊಡುತ್ತಿದ್ದೇನೆ ಅಂದುಕೊಂಡಿದ್ದ. ಬಿಟ್ಟುಕೊಟ್ಟದ್ದು ತನ್ನದೇನೂ ಆಗಿರಲಿಲ್ಲ. ಕೆಲಸ ಉಳಿಯಿತು, ಒಳ್ಳೆಯವನೆಂಬ ಹೆಸರೂ ಬಂತು. ಹೋದದ್ದು ಮತ್ತೆ ಜಾವೀದನದೇ.

"ನಾಳೆ ಹೋಗಿ ಪತ್ರ ವಾಪಸ್ ತಗೊಳ್ತೀನಿ," ಎಂದ.

"ಬೇಡ. ಆ ಹುಡುಗನ ಮನೇವ್ರು ಎಷ್ಟು ಸಂತೋಷಪಟ್ಟಿರ್ತಾರೋ." ಮಸೂದಾ ಮತ್ತೆ ಮೊರ ಎತ್ತಿಕೊಂಡಳು.

ಗೇಟಿನ ಸದ್ದಾಯಿತು. ಜೇಬಾ ಚೆಂಡನ್ನು ಬಲೆಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಬಂದಳು. ಅವನನ್ನು ಕಂಡು ಮುಖ ಅರಳಿತು, ಆಮೇಲೆ ಏನೋ ನೆನಪಾಗಿ ಮುದುಡಿತು.

"ಯಾಕೆ ಅಂಕಲ್ ಬೇಡ ಅಂದ್ರಿ? ಅಬ್ಬ ಇದ್ದಿದ್ರೆ ಎಷ್ಟು ಬೇಜಾರು ಮಾಡ್ಕೊಳ್ತಿದ್ರು ಗೊತ್ತಾ?"

ಪ್ರತಾಪ ಮಸೂದಾಳ ಕಡೆ ನೋಡಿದ. ಅವಳು ಮೆಣಸನ್ನು ಡಬ್ಬಕ್ಕೆ ಸುರಿದು, ಮೊರವನ್ನು ಗೋಡೆಗೆ ಆನಿಸಿ ಒಳಗೆ ಹೋದಳು. ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ. ಹೇಳು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಅವನು ಹೇಳಿದ. ಆಲೂರಿನ ಅಟ್ಟ, ಫೋಟೊ ಅಂಟಿಸಿದ ಅರ್ಜಿ, ಹಾಸನದ ಬಸ್‌ಸ್ಟ್ಯಾಂಡು, ಕೆಲಸ, ಜಗುಲಿಗೆ ಬಂದ ಇಬ್ಬರು, ಎಲ್ಲವನ್ನೂ. ಏನನ್ನೂ ಮೆತ್ತಗೆ ಮಾಡಲಿಲ್ಲ. ಹೇಳುವಾಗ ಅವಳ ಕಾಲಿನ ಬೂಟುಗಳನ್ನೇ ನೋಡುತ್ತಿದ್ದ. ಅವು ಕೆಮ್ಮಣ್ಣಿನಿಂದ ಬಣ್ಣಗೆಟ್ಟಿದ್ದವು. ಗ್ಯಾರೇಜಿನಲ್ಲಿ ಯಾರೋ ಕಬ್ಬಿಣಕ್ಕೆ ಬಡಿಯುತ್ತಿದ್ದರು.

"ಅಂದ್ರೆ ಬೇಲಿ ಆಚೆ ನಿಂತಿದ್ದೋರು ನೀವು," ಎಂದಳು ಜೇಬಾ.

"ಬೇಲಿ ಆಚೇನೂ ಇರ್ಲಿಲ್ಲ ನಾನು."

"ಅಬ್ಬ ಎಷ್ಟು ದೂರದಿಂದ ಹಾಕಿದ್ರು? ಫ್ರೀ ಥ್ರೋ ಎಷ್ಟಿತ್ತು ಮೂವತ್ತೊಂದ್ರಲ್ಲಿ? ಸೋತಾಗ ಏನು ಮಾಡಿದ್ರು?" ಪ್ರಶ್ನೆಗಳು ಒಂದರ ಹಿಂದೊಂದು ಬಂದವು. ಅವಳಿಗೆ ಅವನ ತಪ್ಪಾಗಲಿ, ಕಲ್ಲಾಗಲಿ ಆ ಕ್ಷಣ ಬೇಕಿರಲಿಲ್ಲ. ಅಪ್ಪ ಬೇಕಿದ್ದ.

"ನಂಗೊತ್ತಿಲ್ಲಮ್ಮ. ನಾನು ನೋಡ್ಲಿಲ್ಲ."

"ಏನೂ ಗೊತ್ತಿಲ್ವಾ?"

"ಏನೂ ಗೊತ್ತಿಲ್ಲ."

ಅವಳು ಕಂಬಕ್ಕೆ ಮುಖ ತಿರುಗಿಸಿಕೊಂಡಳು. ಪ್ರತಾಪ ಜೇಬಿನಿಂದ ಫೋನು ತೆಗೆದ. ಲೋಹಿತನ ನಂಬರು ಒತ್ತಿ, ಸ್ಪೀಕರ್ ಹಾಕಿ, ಜಗುಲಿಯ ಕಟ್ಟೆಯ ಮೇಲಿಟ್ಟ.

"ಹೇಳೋ," ಎಂದ ಲೋಹಿತ್. ಹಿಂದೆ ತೋಟದಲ್ಲಿ ಸ್ಪ್ರಿಂಕ್ಲರಿನ ಸದ್ದು.

"ಜಾವೀದನ ಮನೇಲಿದೀನಿ. ಜೇಬಾಗೆ ಎಲ್ಲಾ ಹೇಳ್ದೆ. ಅವ್ಳು ಮೈಸೂರಿನ ಮ್ಯಾಚ್ ಬಗ್ಗೆ ಕೇಳ್ತಾವ್ಳೆ. ನಂಗೆ ಗೊತ್ತಿಲ್ಲ. ನೀನು ಹೇಳು."

ಸ್ಪ್ರಿಂಕ್ಲರಿನ ಸದ್ದು ದೂರವಾಗುತ್ತ ಹೋಗಿ, ಲೋಹಿತ್ ಎಲ್ಲೋ ಒಂದು ಕಡೆ ಕೂತಂತೆ ಕೇಳಿಸಿತು.

"ಜೇಬಾ, ಇದೀಯೇನಮ್ಮ?"

"ಇದೀನಿ ಅಂಕಲ್."

"ನಿಮ್ಮಪ್ಪನಿಗೆ ಬೂಟು ಬಿಗಿಯಾಗ್ತಿತ್ತು. ಈ ಪ್ರತಾಪನ ಅಳತೆ ಅದು. ಮೊದ್ಲರ್ಧ ಮುಗಿಯೋ ಹೊತ್ತಿಗೆ ಹೆಬ್ಬೆರಳು ಬೊಬ್ಬೆ ಬಂದಿತ್ತು. ಬಿಚ್ಚೋ ಅಂದ್ರೆ ಬಿಚ್ಲಿಲ್ಲ. ಹದಿನಾಲ್ಕು ಪಾಯಿಂಟ್ ಮೊದ್ಲರ್ಧದಲ್ಲಿ. ಅದ್ರಲ್ಲಿ ನಾಲ್ಕು ಫ್ರೀ ಥ್ರೋ. ಆಮೇಲೆ ಅವರು ಇಬ್ಬಿಬ್ಬರು ಮೇಲೆ ಬಿದ್ರು. ಕೊನೇಗೆ ಎರಡು ಪಾಯಿಂಟ್ ಹಿಂದಿದ್ವಿ, ಏಳೋ ಎಂಟೋ ಸೆಕೆಂಡ್ ಇತ್ತು. ಬಾಲ್ ಅವನ ಹತ್ರಾನೇ ಇತ್ತು. ಅವ್ನೇ ಹಾಕಿದ್ರೆ ಬೀಳ್ತಿತ್ತು. ನಾನು ಖಾಲಿ ನಿಂತಿದ್ದೆ ಅಂತ ನಂಗೆ ಕೊಟ್ಬುಟ್ಟ."

ಒಳಗಿನ ಬಾಗಿಲಲ್ಲಿ ಮಸೂದಾ ಬಂದು ನಿಂತಿದ್ದಳು. ಜೇಬಾ ಕಟ್ಟೆಯ ಮೇಲೆ ಫೋನಿಗೆ ಕಿವಿ ಹತ್ತಿರವಿಟ್ಟು ಕೂತಿದ್ದಳು. ಇಪ್ಪತ್ತೈದು ವರ್ಷ ತನ್ನ ಹೆಸರಿನಲ್ಲಿದ್ದ ಆಟವನ್ನು ಪ್ರತಾಪ ಮೆಟ್ಟಿಲ ಮೇಲೆ, ಚಪ್ಪಲಿಗಳ ಪಕ್ಕದಲ್ಲಿ ಕೂತು, ಮೊದಲ ಸಲ ಕೇಳುತ್ತಿದ್ದ.

"ಆಮೇಲೆ?" ಎಂದಳು ಜೇಬಾ.

"ನಾನು ಹಾಕ್ದೆ. ರಿಂಗಿಗೆ ಬಡ್ದು ಹೊರಗೆ ಬಂತು," ಎಂದ ಲೋಹಿತ್. "ಇವತ್ತಿನ ತನಕ ಯಾರಿಗೂ ಹೇಳಿಲ್ಲ ಕಣಮ್ಮ ನಾನು. ಹೇಳ್ಬೇಕಾದ್ರೆ ಅವನ ಹೆಸ್ರು ಹೇಳ್ಬೇಕಾಗ್ತಿತ್ತು."